ಮಳೆ, ದರ, ನೀರಿನ ಮಟ್ಟ: ಚಾರ್ಟ್ ಬರೆಯುವ ಮುನ್ನ ಅಂಕಿಗಳ ಸ್ಕೇಲಿಂಗ್ ಮತ್ತು ಸ್ಮೂತಿಂಗ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕೊಡಗಿನಲ್ಲಿ ಮಳೆ ಬರೆದಿಡುವ ರೂಢಿ ಹಳೆಯದು. ತಾತನ ಕಾಲದ ರಿಜಿಸ್ಟರ್‌ಗಳನ್ನು ಈಗ ಮೊಮ್ಮಕ್ಕಳು ಕಂಪ್ಯೂಟರಿಗೆ ಏರಿಸುತ್ತಿದ್ದಾರೆ, ಪೈಥಾನ್ ಕಲಿತವರು ಅದರಿಂದ ಚಾರ್ಟ್ ಬರೆಯುತ್ತಿದ್ದಾರೆ. ಕಾಫಿ, ಮೆಣಸಿನ ದರ ಮತ್ತು ಹಾರಂಗಿ ಜಲಾಶಯದ ನೀರಿನ ಮಟ್ಟವನ್ನು ಜೊತೆಗೆ ಸೇರಿಸುವವರೂ ಇದ್ದಾರೆ. ಈ ಕೆಲಸದಲ್ಲಿ ಎದುರಾಗುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇನೆ. ಪೈಥಾನ್‌ನಲ್ಲಿ ಅಂಕಿಗಳ ಲೆಕ್ಕಕ್ಕೆ ಪಾಂಡಾಸ್, ಚಾರ್ಟ್‌ಗೆ ಮ್ಯಾಟ್‌ಪ್ಲಾಟ್‌ಲಿಬ್ ಎಂಬ ಲೈಬ್ರರಿಗಳನ್ನು ಬಳಸುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದರೂ ಎಕ್ಸೆಲ್ ಅಥವಾ ಆರ್ ಬಳಸುವವರಿಗೂ ಲೆಕ್ಕ ಇದೇ. ಉದಾಹರಣೆಗೆ ಕೊಟ್ಟ ಮಳೆ ಮತ್ತು ದರದ ಅಂಕಿಗಳು ಲೆಕ್ಕ ತೋರಿಸಲು ನಾನೇ ಹಿಡಿದವು, ಯಾವ ಕೇಂದ್ರದ ದಾಖಲೆಯೂ ಅಲ್ಲ.

ಸ್ಕೇಲಿಂಗ್, ಸ್ಮೂತಿಂಗ್ ಎರಡೂ ಒಂದೇನಾ?

ಬೇರೆ ಬೇರೆ. ಸ್ಕೇಲಿಂಗ್ ಅಂಕಿಗಳ ಅಳತೆಗೋಲನ್ನು ಬದಲಿಸುತ್ತದೆ. ಇಂಚನ್ನು ಮಿ.ಮೀ.ಗೆ ತರುವುದು, ಎಲ್ಲವನ್ನೂ 0ರಿಂದ 1ರೊಳಗೆ ಕೂರಿಸುವುದು, ಮೊದಲ ತಿಂಗಳನ್ನು 100 ಎಂದು ಹಿಡಿಯುವುದು ಎಲ್ಲವೂ ಇದರಲ್ಲೇ ಬರುತ್ತವೆ. ಗುಣಿಸಿ, ಕೂಡಿಸಿ ಮಾಡುವ ಸ್ಕೇಲಿಂಗ್‌ನಲ್ಲಿ ಯಾವ ದಿನ ಹೆಚ್ಚು, ಯಾವ ದಿನ ಕಡಿಮೆ ಎಂಬ ಕ್ರಮ ಕೆಡುವುದಿಲ್ಲ. ಬೇಕೆಂದಾಗ ಮೂಲ ಅಂಕಿಗೆ ವಾಪಸ್ ಬರಬಹುದು.

ಸ್ಮೂತಿಂಗ್ ಹಾಗಲ್ಲ. ಅಕ್ಕಪಕ್ಕದ ದಿನಗಳನ್ನು ಬೆರೆಸಿ ಏರಿಳಿತವನ್ನು ತಗ್ಗಿಸುತ್ತದೆ. ಬೆರೆಸಿ ಬಂದ ಗೆರೆಯನ್ನಷ್ಟೇ ಇಟ್ಟುಕೊಂಡವರಿಗೆ ಮೂಲ ಅಂಕಿ ಮತ್ತೆ ಸಿಗುವುದಿಲ್ಲ. ಆದ್ದರಿಂದ ಕೋಡ್‌ನಲ್ಲಿ ಮೂಲ ಕಾಲಂ ಮೇಲೆಯೇ ಬರೆಯಬೇಡಿ. ಸ್ಮೂತ್ ಮಾಡಿದ್ದಕ್ಕೆ ಹೊಸ ಕಾಲಂ, ಹೊಸ ಹೆಸರು ಕೊಡಿ.

ಚಾರ್ಟ್ ಮಾಡುವ ಮುನ್ನ ಎರಡೂ ಮಾಡಲೇಬೇಕಾ?

ಇಲ್ಲ. ಒಂದೇ ಕೇಂದ್ರದ ಒಂದು ತಿಂಗಳ ಮಳೆಯಾದರೆ ದಿನಕ್ಕೊಂದು ಕಂಬ ನಿಲ್ಲಿಸಿದರೆ ಸಾಕು. ಬೇರೆ ಬೇರೆ ಅಳತೆಯ ಅಂಕಿಗಳನ್ನು ಹೋಲಿಸುವಾಗ ಸ್ಕೇಲಿಂಗ್ ಬೇಕಾಗುತ್ತದೆ. ದಿನದಿನದ ಗದ್ದಲದ ಹಿಂದೆ ನಿಧಾನವಾಗಿ ಸಾಗುವ ಏನನ್ನೋ ನೋಡಬೇಕಿದ್ದರೆ ಸ್ಮೂತಿಂಗ್ ಬೇಕಾಗುತ್ತದೆ. ಏನನ್ನು ನೋಡಬೇಕು ಎಂಬುದು ಖಚಿತವಾಗುವ ತನಕ ಸೂತ್ರದ ಕಡೆ ಹೋಗಬೇಡಿ. ಮುಂದಿನ ಉತ್ತರಗಳೆಲ್ಲ ಸುತ್ತಿ ಬಳಸಿ ಇದೇ ಮಾತಿಗೆ ಬರುತ್ತವೆ.

ತೋಟದ ರಿಜಿಸ್ಟರ್‌ನಲ್ಲಿ ಮಳೆ ಇಂಚು, ಸೆಂಟಿನಲ್ಲಿದೆ. ನೇರವಾಗಿ ಏರಿಸಬಹುದಾ?

ಹೆಚ್ಚು ಕೆಡುವುದು ಇಲ್ಲೇ, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ನಮ್ಮಲ್ಲಿ ಒಂದು ಇಂಚಿಗೆ ನೂರು ಸೆಂಟು. ಒಂದು ಇಂಚು ಮೂವತ್ತೈದು ಸೆಂಟನ್ನು ಕೆಲವರು 1-35 ಎಂದು, ಕೆಲವರು 1.35 ಎಂದು ಬರೆಯುತ್ತಾರೆ. ಅಲ್ಲಿಯವರೆಗೆ ತೊಂದರೆಯಿಲ್ಲ. ಎರಡು ಇಂಚು ಐದು ಸೆಂಟು ಬಂದಾಗ ನೋಡಿ. ಪುಸ್ತಕದಲ್ಲಿ 2-5 ಎಂದಿರುತ್ತದೆ. ಟೈಪ್ ಮಾಡುವವರು ಅದನ್ನು 2.5 ಎಂದು ಹೊಡೆದರೆ 5 ಸೆಂಟು ಇದ್ದದ್ದು 50 ಸೆಂಟಾಗುತ್ತದೆ. ನಿಜವಾದ ಅಂಕಿ 2.05. ಇದ್ದಂತೆಯೇ 2-5 ಎಂದು ಎಕ್ಸೆಲ್‌ಗೆ ಹಾಕಿದರೆ ಅದು ತಾರೀಖು ಎಂದು ತಿಳಿದು ಮೇ 2 ಅಥವಾ ಫೆಬ್ರವರಿ 5 ಮಾಡಿಬಿಡುತ್ತದೆ.

ಇದಕ್ಕೆ ಇಂಚಿಗೊಂದು ಕಾಲಂ, ಸೆಂಟಿಗೊಂದು ಕಾಲಂ ಇಟ್ಟು ಎರಡನ್ನೂ ಪೂರ್ಣಸಂಖ್ಯೆಯಾಗಿ ಏರಿಸುವುದೇ ದಾರಿ. ಒಟ್ಟು ಇಂಚನ್ನು ಕೋಡ್ ಲೆಕ್ಕ ಹಾಕಲಿ: ಸೆಂಟನ್ನು 100ರಿಂದ ಭಾಗಿಸಿ ಇಂಚಿಗೆ ಕೂಡಿಸುವುದು, ಆಮೇಲೆ 25.4ರಿಂದ ಗುಣಿಸಿ ಮಿ.ಮೀ. ಮಾಡುವುದು. 1 ಇಂಚು 35 ಸೆಂಟು ಎಂದರೆ 34.29 ಮಿ.ಮೀ. ಸೆಂಟಿನ ಕಾಲಂನಲ್ಲಿ 99ಕ್ಕಿಂತ ದೊಡ್ಡ ಅಂಕಿ ಕಂಡರೆ ಕೋಡ್ ಅಲ್ಲೇ ನಿಂತು ದೂರು ಹೇಳುವಂತೆ ಒಂದು ಸಾಲು ಹಾಕಿ.

ಇನ್ನೊಂದನ್ನು ತೋಟದಲ್ಲೇ ನೋಡಿಕೊಳ್ಳಬೇಕು. ಮಳೆಮಾಪಕದ ಫನಲ್ ಬಾಯಿ ಎಷ್ಟು ಅಗಲವೋ ಅದಕ್ಕೆ ತಕ್ಕ ಅಳತೆ ಗ್ಲಾಸೇ ಬೇಕು. 8 ಇಂಚಿನ ಮಾಪಕದ ಗ್ಲಾಸ್‌ನಿಂದ 5 ಇಂಚಿನ ಮಾಪಕದ ನೀರನ್ನು ಅಳೆದರೆ ನಿಜವಾದ ಮಳೆಯನ್ನು 2.56ರಿಂದ ಭಾಗಿಸಿದಷ್ಟೇ ಓದುತ್ತದೆ. ಗ್ಲಾಸ್ ಒಡೆದು ಬೇರೆ ತಂದ ವರ್ಷದಿಂದ ಮಳೆ ದಿಢೀರನೆ ಕಡಿಮೆಯಾದಂತೆ ಕಂಡರೆ ಹವಾಮಾನವನ್ನು ದೂರುವ ಮುನ್ನ ಇದನ್ನು ಪರೀಕ್ಷಿಸಿ. ಅಂಥ ತಪ್ಪು ಎಲ್ಲ ದಿನಗಳಿಗೂ ಒಂದೇ ಅನುಪಾತದಲ್ಲಿ ಇರುತ್ತದೆ. ತಾರೀಖು ಗೊತ್ತಾದರೆ ಒಂದೇ ಗುಣಾಕಾರದಲ್ಲಿ ಸರಿಹೋಗುತ್ತದೆ.

ದಿನ ಎಂದರೆ ರಾತ್ರಿ 12ರಿಂದ 12ರವರೆಗಾ?

ಮಳೆಯ ಲೆಕ್ಕದಲ್ಲಿ ಅಲ್ಲ. ಹವಾಮಾನ ಇಲಾಖೆಯ ಮಳೆದಿನ ಬೆಳಿಗ್ಗೆ 8.30ರಿಂದ ಮರುದಿನ ಬೆಳಿಗ್ಗೆ 8.30ರವರೆಗೆ. ಓದಿದ ದಿನದ ತಾರೀಖನ್ನೇ ಅದಕ್ಕೆ ಹಾಕುತ್ತಾರೆ. ತೋಟಗಳಲ್ಲೂ ಬೆಳಿಗ್ಗೆಯೇ ಓದುವುದು. ಗಂಟೆಗೊಮ್ಮೆ ಅಂಕಿ ಕೊಡುವ ಸ್ವಯಂಚಾಲಿತ ಮಾಪಕದ ದತ್ತಾಂಶವನ್ನು ಪಾಂಡಾಸ್‌ನ ರೀಸ್ಯಾಂಪಲ್‌ನಿಂದ ದಿನಕ್ಕೆ ಇಳಿಸುವಾಗ ಆಫ್‌ಸೆಟ್ ಎಂಟೂವರೆ ಗಂಟೆ ಎಂದು ಕೊಡಿ. ಕ್ಲೋಸ್ಡ್ ಮತ್ತು ಲೇಬಲ್ ಎರಡಕ್ಕೂ ರೈಟ್ ಎಂದು ಕೊಡಿ. ಹೀಗೆ ಮಾಡದಿದ್ದರೆ ರಾತ್ರಿಯಿಡೀ ಸುರಿದ ಒಂದೇ ಮಳೆ ಎರಡು ದಿನಕ್ಕೆ ಹಂಚಿಹೋಗುತ್ತದೆ. ಆಗ ತೋಟದ ಪುಸ್ತಕಕ್ಕೂ ಯಂತ್ರಕ್ಕೂ ತಾಳೆಯಾಗುವುದಿಲ್ಲ.

ಕೆಲವು ಯಂತ್ರಗಳು ಆ ಗಂಟೆಯ ಮಳೆಯನ್ನು ಕೊಡದೆ 8.30ರಿಂದ ಕೂಡಿಸುತ್ತಾ ಬಂದ ಮೊತ್ತವನ್ನು ಕೊಡುತ್ತವೆ. ಗೆರೆ ದಿನವಿಡೀ ಮೆಟ್ಟಿಲಿನಂತೆ ಏರಿ ಬೆಳಿಗ್ಗೆ ಸೊನ್ನೆಗೆ ಬಿದ್ದರೆ ಅದು ಮೊತ್ತವೇ. ಪ್ರತಿ ಗಂಟೆಯ ಮೊತ್ತದಿಂದ ಹಿಂದಿನ ಗಂಟೆಯ ಮೊತ್ತವನ್ನು ಕಳೆದು ಬಿಡಿ ಅಂಕಿ ಮಾಡಿಕೊಂಡ ಮೇಲೆಯೇ ಮುಂದಿನ ಕೆಲಸ. ಮೀಟರ್ ಸೊನ್ನೆಗೆ ಮರಳಿದ ಜಾಗದಲ್ಲಿ ಬರುವ ಋಣ ಅಂಕಿಯನ್ನು ಹಾಗೆಯೇ ಬಿಡಬೇಡಿ. ಅಲ್ಲಿ ಹೊಸ ಓದುವಿಕೆಯೇ ಆ ಗಂಟೆಯ ಮಳೆ.

ಅಂಕಿ ಇಲ್ಲದ ದಿನಕ್ಕೆ ಸೊನ್ನೆ ತುಂಬಬಹುದಾ?

ಖಂಡಿತ ಬೇಡ. ಮಳೆ ಬರಲಿಲ್ಲ ಎನ್ನುವುದಕ್ಕೂ ಮಳೆ ಓದಲಿಲ್ಲ ಎನ್ನುವುದಕ್ಕೂ ಅಜಗಜಾಂತರ. ಖಾಲಿಯನ್ನು ಖಾಲಿಯಾಗಿಯೇ ಇಡಿ. ಏಳು ದಿನದ ಸರಾಸರಿಗೆ ಕನಿಷ್ಠ ಎಷ್ಟು ದಿನದ ಅಂಕಿ ಇರಬೇಕೆಂದು ಮಿನ್ ಪೀರಿಯಡ್ಸ್ ಆಯ್ಕೆಯಲ್ಲಿ ಹೇಳಬಹುದು. ನಾನು ಐದು ಎಂದು ಕೊಡುತ್ತೇನೆ. -999 ಎಂಬ ಅಂಕಿ ಕಂಡರೆ ಅದೂ ಖಾಲಿಯೇ. ಒಂದೇ ಒಂದು -999 ಉಳಿದುಕೊಂಡರೂ ಸ್ಕೇಲಿಂಗ್ ಇಡಿಯಾಗಿ ಹಾಳು.

ಭಾನುವಾರ ಓದದೆ ಸೋಮವಾರ ಎರಡು ದಿನದ್ದನ್ನು ಒಟ್ಟಿಗೆ ಬರೆದಿರುವುದು ಸಾಮಾನ್ಯ. ತಿಂಗಳ ಮೊತ್ತಕ್ಕೆ ಅದರಿಂದ ತೊಂದರೆಯಿಲ್ಲ. ದಿನದ ಗರಿಷ್ಠ ಮಳೆ ಹುಡುಕುವಾಗ ಮಾತ್ರ ಸೋಮವಾರ ಸುಳ್ಳು ಹೇಳುತ್ತದೆ. ಅಂಥ ದಿನಗಳಿಗೆ ಗುರುತಿನ ಕಾಲಂ ಇಡಿ. ಅರ್ಧರ್ಧ ಹಂಚಿ ತುಂಬಿದರೆ ಆ ಊಹೆ ಮುಂದೆ ದಾಖಲೆಯಂತೆ ಓಡಾಡುತ್ತದೆ.

ಮಳೆಯನ್ನೂ ಹಾರಂಗಿಯ ನೀರಿನ ಮಟ್ಟವನ್ನೂ ಒಂದೇ ಚಾರ್ಟ್‌ನಲ್ಲಿ ತೋರಿಸುವುದು ಹೇಗೆ?

ಹಾರಂಗಿ ಜಲಾಶಯದ ಪೂರ್ಣ ಮಟ್ಟ 2,859 ಅಡಿ. ಇದು ಸಮುದ್ರ ಮಟ್ಟದಿಂದ ಅಳೆದದ್ದು, ನೀರಿನ ಆಳವಲ್ಲ. ಸೊನ್ನೆಯಿಂದ ಕಂಬ ಎಬ್ಬಿಸಿದರೆ ಇಡೀ ಮಳೆಗಾಲದ ಏರಿಕೆ ಕಂಬದ ತುದಿಯಲ್ಲಿ ಕೂದಲೆಳೆಯಷ್ಟು ಕಾಣುತ್ತದೆ. ಮಟ್ಟಕ್ಕೆ ಗೆರೆಯ ಚಾರ್ಟ್ ಬಳಸಿ. ಗೆರೆಗೆ ಸೊನ್ನೆಯಿಂದ ಶುರುವಾಗುವ ಕಟ್ಟುಪಾಡಿಲ್ಲ. ಕಂಬಕ್ಕೆ ಇದೆ, ಏಕೆಂದರೆ ಕಂಬದಲ್ಲಿ ಕಣ್ಣು ಓದುವುದು ಉದ್ದವನ್ನು.

0ರಿಂದ 1ಕ್ಕೆ ತರುವ ಮಿನ್-ಮ್ಯಾಕ್ಸ್ ಸ್ಕೇಲಿಂಗ್ ಸುಲಭ. ಪ್ರತಿ ಅಂಕಿಯಿಂದ ಕನಿಷ್ಠವನ್ನು ಕಳೆದು, ಗರಿಷ್ಠ ಮತ್ತು ಕನಿಷ್ಠದ ಅಂತರದಿಂದ ಭಾಗಿಸುವುದು. ಆದರೆ ಆ ಕನಿಷ್ಠ, ಗರಿಷ್ಠ ಎಲ್ಲಿಂದ ಬಂದವು ಎಂದು ಕೇಳಿಕೊಳ್ಳಿ. ಈ ವರ್ಷದ ಅಂಕಿಗಳಿಂದಲೇ ಹೆಕ್ಕಿದರೆ ಜಲಾಶಯ ತುಂಬದ ವರ್ಷದಲ್ಲೂ ಗೆರೆ 1 ಮುಟ್ಟುತ್ತದೆ. ನೋಡಿದವರು ತುಂಬಿತು ಎಂದೇ ತಿಳಿಯುತ್ತಾರೆ. ಮೇಲಿನ ಮಿತಿಯನ್ನು 2,859 ಎಂದು ನೀವೇ ಹಾಕಿ, ಕೆಳಗಿನದಕ್ಕೂ ಒಂದು ಸ್ಥಿರ ಮಟ್ಟ ಆರಿಸಿ, ಎಲ್ಲ ವರ್ಷಗಳಿಗೂ ಅದನ್ನೇ ಬಳಸಿ. ಆಗ 1 ಎಂಬುದಕ್ಕೆ ಒಂದು ಅರ್ಥ ಬರುತ್ತದೆ.

ಇದಕ್ಕಿಂತ ಒಳ್ಳೆಯದು ಸಂಗ್ರಹದ ಶೇಕಡಾವಾರು. ಹಾರಂಗಿಯ ಸಾಮರ್ಥ್ಯ 8.5 ಟಿಎಂಸಿ. ಜಲಾಶಯ ಮೇಲೆ ಹೋದಂತೆ ಅಗಲವಾಗುವುದರಿಂದ ತಳದ ಒಂದು ಅಡಿಗಿಂತ ಮೇಲಿನ ಒಂದು ಅಡಿಯಲ್ಲಿ ಹೆಚ್ಚು ನೀರಿರುತ್ತದೆ. ಅಡಿಯ ಲೆಕ್ಕದಲ್ಲಿ ಅರ್ಧ ತುಂಬಿದೆ ಎಂದರೆ ನೀರಿನ ಲೆಕ್ಕದಲ್ಲಿ ಅರ್ಧಕ್ಕಿಂತ ಕಡಿಮೆ.

ಎಡಕ್ಕೊಂದು, ಬಲಕ್ಕೊಂದು ಅಕ್ಷ ಇಡುವ ಚಾರ್ಟ್‌ಗಳನ್ನು ನಾನು ಬೆಂಬಲಿಸುವುದಿಲ್ಲ. ಎರಡು ಅಕ್ಷಗಳ ಮಿತಿಯನ್ನು ಬೇಕಾದಂತೆ ಎಳೆದು ಯಾವ ಎರಡು ಗೆರೆಗಳನ್ನಾದರೂ ಜೊತೆಯಲ್ಲಿ ನಡೆಸಬಹುದು. ಮೇಲೆ ಮಳೆಯ ಕಂಬ, ಕೆಳಗೆ ಮಟ್ಟದ ಗೆರೆ, ನಡುವೆ ಒಂದೇ ತಾರೀಖಿನ ಅಕ್ಷ ಎಂದು ಎರಡು ಚಿತ್ರ ಜೋಡಿಸಿ. ಮಳೆಯಾಗಿ ಎಷ್ಟು ಹೊತ್ತಿಗೆ ಮಟ್ಟ ಏರಿತು ಎಂಬುದು ಅದರಲ್ಲೇ ಚೆನ್ನಾಗಿ ಕಾಣುತ್ತದೆ.

ಭಾಗಮಂಡಲ, ಮಡಿಕೇರಿ, ಕುಶಾಲನಗರದ ಮಳೆಯನ್ನು 0–1ಕ್ಕೆ ತಂದರೆ ಮೂರೂ ಒಂದೇ ಥರ ಕಾಣುತ್ತಿವೆಯಲ್ಲ?

ಕಾಣಲೇಬೇಕು. ಪ್ರತಿ ಊರನ್ನೂ ಅದರದೇ ಗರಿಷ್ಠದಿಂದ ಭಾಗಿಸಿದ್ದೀರಿ. ಘಟ್ಟದ ಅಂಚಿನ ಭಾಗಮಂಡಲದಲ್ಲಿ ಬೀಳುವ ಮಳೆಗೂ ಪೂರ್ವದ ಕುಶಾಲನಗರದಲ್ಲಿ ಬೀಳುವ ಮಳೆಗೂ ಇರುವ ಹಲವು ಪಟ್ಟಿನ ಅಂತರವನ್ನು ಅದೇ ಒರೆಸಿಹಾಕಿತು. ಕೊಡಗಿನ ಮಳೆಯ ಬಗ್ಗೆ ತಿಳಿಯಬೇಕಾದ ಮೊದಲ ಸಂಗತಿಯೇ ಆ ಅಂತರ.

ಎಷ್ಟು ಸುರಿಯಿತು ಎಂದು ಹೋಲಿಸುವುದಾದರೆ ಸ್ಕೇಲಿಂಗ್ ಬಿಡಿ. ಮೂರು ಚಿಕ್ಕ ಚಿತ್ರಗಳನ್ನು ಸಾಲಾಗಿ ಇಟ್ಟು ಮೂರಕ್ಕೂ ಒಂದೇ ಎತ್ತರದ ಅಕ್ಷ ಕೊಡಿ. ಸಬ್‌ಪ್ಲಾಟ್ಸ್‌ನಲ್ಲಿ ಶೇರ್‌ವೈ ಎಂಬ ಆಯ್ಕೆ ಇರುವುದೇ ಇದಕ್ಕೆ. ಈ ವರ್ಷ ಎಲ್ಲಿ ವಾಡಿಕೆಗಿಂತ ಹೆಚ್ಚು, ಎಲ್ಲಿ ಕೊರತೆ ಎಂಬುದು ಪ್ರಶ್ನೆಯಾದರೆ ಆಯಾ ಊರಿನ ವಾಡಿಕೆ ಮಳೆಯ ಶೇಕಡಾವಾರು ಹಾಕಿ.

ಜೆಡ್-ಸ್ಕೋರ್ ಯಾವಾಗ ಬಳಸಬೇಕು?

ಒಂದು ಅಂಕಿ ಸರಾಸರಿಯಿಂದ ಎಷ್ಟು ಮಾನಕ ವಿಚಲನೆ (ಅಂಕಿಗಳು ಎಷ್ಟು ಹರಡಿವೆ ಎಂಬ ಅಳತೆ) ದೂರವಿದೆ ಎಂಬುದೇ ಜೆಡ್-ಸ್ಕೋರ್. ಸರಾಸರಿಯ ಎರಡೂ ಕಡೆ ಹೆಚ್ಚುಕಡಿಮೆ ಸಮನಾಗಿ ಹರಡಿದ ಅಂಕಿಗಳಿಗೆ ಅದನ್ನು ಬಳಸಿ. ಉಷ್ಣಾಂಶಕ್ಕೆ ಸರಿ, ವಾರ್ಷಿಕ ಮಳೆ ಮೊತ್ತಕ್ಕೂ ನಡೆಯುತ್ತದೆ. ದಿನದ ಮಳೆಗೆ ಒಗ್ಗುವುದಿಲ್ಲ. ವರ್ಷದಲ್ಲಿ ಎಷ್ಟೋ ದಿನ ಸೊನ್ನೆ, ಕೆಲವೇ ದಿನ ಭಾರಿ ಮಳೆ. ಅಂಥಲ್ಲಿ ಸರಾಸರಿಯೂ ಮಾನಕ ವಿಚಲನೆಯೂ ಆ ಕೆಲವು ದಿನಗಳ ಹಿಡಿತದಲ್ಲಿರುತ್ತವೆ. ಬೇಕೇ ಬೇಕೆಂದರೆ ಸರಾಸರಿಯ ಜಾಗದಲ್ಲಿ ಮಧ್ಯಾಂಕವನ್ನೂ, ಮಾನಕ ವಿಚಲನೆಯ ಜಾಗದಲ್ಲಿ, ಏರಿಕೆ ಕ್ರಮದಲ್ಲಿ ಜೋಡಿಸಿದಾಗ ಕಾಲುಭಾಗ ಮತ್ತು ಮುಕ್ಕಾಲುಭಾಗದಲ್ಲಿ ಬರುವ ಅಂಕಿಗಳ ಅಂತರವನ್ನೂ ಹಾಕಿ. ಅದನ್ನೂ ಮಳೆಗಾಲದ ದಿನಗಳಿಗಷ್ಟೇ ಮಾಡಿ. ಇಡೀ ವರ್ಷ ತೆಗೆದುಕೊಂಡರೆ ಸೊನ್ನೆಗಳ ಭಾರಕ್ಕೆ ಮಧ್ಯಾಂಕವೂ ಸೊನ್ನೆಯ ಹತ್ತಿರ ಕುಸಿಯುತ್ತದೆ.

ಇಬ್ಬರ ಕೋಡ್‌ನಲ್ಲಿ ಜೆಡ್-ಸ್ಕೋರ್ ಚೂರು ಬೇರೆ ಬಂದರೆ ಗಾಬರಿ ಬೇಡ. ಪಾಂಡಾಸ್ ಮಾನಕ ವಿಚಲನೆಗೆ ಒಟ್ಟು ಸಂಖ್ಯೆಯಲ್ಲಿ ಒಂದು ಕಳೆದು ಭಾಗಿಸುತ್ತದೆ, ಪೈಥಾನ್‌ನ ಇನ್ನೊಂದು ಲೈಬ್ರರಿಯಾದ ನಂಪೈ ಕಳೆಯದೆ ಭಾಗಿಸುತ್ತದೆ.

ಲಾಗ್ ಸ್ಕೇಲ್ ಹಾಕಿದರೆ ಮಳೆಯಿಲ್ಲದ ದಿನಗಳು ಮಾಯವಾಗುತ್ತವೆ, ಏನು ಮಾಡಲಿ?

ಸೊನ್ನೆಗೆ ಲಾಗ್ ಇಲ್ಲ. ಅದಕ್ಕೇ ಎಲ್ಲ ಅಂಕಿಗಳಿಗೂ ಒಂದು ಕೂಡಿಸಿ ಲಾಗ್ ತೆಗೆಯುವುದು ರೂಢಿ. ನಂಪೈಯಲ್ಲಿ ಲಾಗ್1ಪಿ ಎಂಬುದು ಇದೇ. ಆದರೆ ಆ ಒಂದು ಯಾವ ಅಳತೆಯದು ಎಂದು ನೋಡಿ. ಮಿ.ಮೀ.ನಲ್ಲಿ ಒಂದು ಕೂಡಿಸುವುದು ತುಂತುರಿನಷ್ಟು. ಇಂಚಿನಲ್ಲಿ ಒಂದು ಕೂಡಿಸಿದರೆ ಪ್ರತಿ ದಿನಕ್ಕೂ 25.4 ಮಿ.ಮೀ. ಮಳೆ ಸೇರಿಸಿದಂತೆ. ಒಂದೇ ದತ್ತಾಂಶದಿಂದ ಎರಡು ಬೇರೆ ಆಕಾರದ ಗೆರೆ ಬರುತ್ತದೆ. ಮೊದಲು ಮಿ.ಮೀ.ಗೆ ತಂದು ಆಮೇಲೆ ಲಾಗ್ ತೆಗೆಯಿರಿ. ಮ್ಯಾಟ್‌ಪ್ಲಾಟ್‌ಲಿಬ್‌ನ ಸಿಮ್‌ಲಾಗ್ ಅಕ್ಷವೂ ಸೊನ್ನೆಯನ್ನು ಉಳಿಸಿಕೊಳ್ಳುತ್ತದೆ.

ಊರವರಿಗೆ, ಪಂಚಾಯಿತಿಗೆ ತೋರಿಸುವ ಚಾರ್ಟ್ ಆದರೆ ಲಾಗ್ ಬೇಡ. 20 ಮತ್ತು 200 ಮಿ.ಮೀ. ಅದರಲ್ಲಿ ಹತ್ತಿರ ಹತ್ತಿರ ಕಾಣುತ್ತವೆ. ಬರೆ (ಗುಡ್ಡದ ಕಡಿದಾದ ಮಣ್ಣಿನ ಬದಿ) ಪಕ್ಕದಲ್ಲಿ ಮನೆ ಇರುವವರಿಗೆ ಅವೆರಡೂ ಹತ್ತಿರದ ಅಂಕಿಗಳಲ್ಲ.

ಕಾಫಿ ಮತ್ತು ಕಾಳುಮೆಣಸಿನ ದರವನ್ನು ಹೋಲಿಸುವುದು ಹೇಗೆ?

ಕಾಫಿ ದರ ಹೇಳುವುದು 50 ಕೆ.ಜಿ. ಚೀಲಕ್ಕೆ, ಮೆಣಸಿನದು ಕೆ.ಜಿ.ಗೆ. ಹಾಗೇ ಬರೆದರೆ ಮೆಣಸು ನೆಲ ಹಿಡಿದ ಗೆರೆಯಾಗುತ್ತದೆ. ಇಲ್ಲಿ ಸೂಚ್ಯಂಕವೇ ಚೆಂದ. ಒಂದು ತಿಂಗಳನ್ನು ಆಧಾರವಾಗಿಟ್ಟು ಅದನ್ನು 100 ಎಂದು ಹಿಡಿಯಿರಿ, ಉಳಿದವನ್ನು ಅದರಿಂದ ಭಾಗಿಸಿ 100ರಿಂದ ಗುಣಿಸಿ. ರೋಬಸ್ಟಾ ಚೆರಿ ಚೀಲಕ್ಕೆ 4,000ದಿಂದ 10,000 ರೂಪಾಯಿಗೆ ಹೋದರೆ ಸೂಚ್ಯಂಕ 250. ಅದೇ ಅವಧಿಯಲ್ಲಿ ಮೆಣಸು 500ರಿಂದ 650ಕ್ಕೆ ಹೋದರೆ 130. ಒಂದೇ ನೋಟಕ್ಕೆ ಅರ್ಥವಾಗುತ್ತದೆ.

ಆಧಾರ ತಿಂಗಳ ಆಯ್ಕೆಯಲ್ಲಿ ಎಚ್ಚರ ಬೇಕು. ದರ ಪಾತಾಳಕ್ಕಿಳಿದ ತಿಂಗಳನ್ನು 100 ಎಂದರೆ ಆಮೇಲಿನದ್ದೆಲ್ಲ ಬಂಗಾರದ ಕಾಲ, ಉತ್ತುಂಗದ ತಿಂಗಳನ್ನು ಹಿಡಿದರೆ ಎಲ್ಲವೂ ನಷ್ಟ. ಒಂದು ತಿಂಗಳ ಬದಲು ಒಂದು ಇಡೀ ವರ್ಷದ ಸರಾಸರಿಯನ್ನು 100 ಮಾಡಿದರೆ ಈ ಆಟ ತಪ್ಪುತ್ತದೆ. ದರದ ಚಾರ್ಟ್‌ಗೆ ಲಾಗ್ ಅಕ್ಷ ನಿಜಕ್ಕೂ ಒಪ್ಪುತ್ತದೆ. 4,000 ಇದ್ದದ್ದು 5,000 ಆದರೂ, 8,000 ಇದ್ದದ್ದು 10,000 ಆದರೂ ಏರಿಕೆ ಶೇ 25. ಲಾಗ್‌ನಲ್ಲಿ ಎರಡೂ ಒಂದೇ ಎತ್ತರದ ಏರಿಕೆಯಾಗಿ ಕಾಣುತ್ತವೆ.

ಅರೇಬಿಕಾ ಪಾರ್ಚ್‌ಮೆಂಟ್, ಅರೇಬಿಕಾ ಚೆರಿ, ರೋಬಸ್ಟಾ ಪಾರ್ಚ್‌ಮೆಂಟ್, ರೋಬಸ್ಟಾ ಚೆರಿ ನಾಲ್ಕನ್ನೂ ಬೇರೆ ಕಾಲಂಗಳಲ್ಲಿ ಇಡಿ. ಕೆಲವರು ಚೆರಿ ದರವನ್ನು ಔಟ್‌ಟರ್ನ್ ಲೆಕ್ಕದಲ್ಲಿ, ಅಂದರೆ ಚೆರಿಯಿಂದ ಎಷ್ಟು ಬೀಜ ಸಿಗುತ್ತದೆ ಎಂಬ ಲೆಕ್ಕದಲ್ಲಿ, ಹೇಳುತ್ತಾರೆ. ಅದನ್ನು ಚೀಲದ ದರದ ಜೊತೆ ಒಂದೇ ಕಾಲಂನಲ್ಲಿ ಬೆರೆಸಿದರೆ ಯಾವ ಸ್ಕೇಲಿಂಗೂ ಕಾಪಾಡದು.

ಚಲಿಸುವ ಸರಾಸರಿಗೆ ಎಷ್ಟು ದಿನದ ವಿಂಡೋ ಇಡಬೇಕು?

ದಿನದಿಂದ ದಿನಕ್ಕೆ ಸರಿಯುತ್ತಾ ಹೋಗುವ ಈ ಸರಾಸರಿಗೆ ಒಮ್ಮೆಗೆ ಸೇರಿಸುವ ದಿನಗಳೇ ವಿಂಡೋ. ನೋಡಬೇಕಾದ ಸಂಗತಿ ಎಷ್ಟು ದಿನದ್ದೋ ಅದಕ್ಕಿಂತ ಚಿಕ್ಕದು ಇಡಿ. ಕಾಫಿ ಗಿಡ ಹೂ ಬಿಡಲು ಬೇಕಾದ ಹೂಮಳೆಯನ್ನೇ ತೆಗೆದುಕೊಳ್ಳಿ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಕಾಯುವ ಆ ಒಂದು ಮಳೆ ಸುಮಾರು ಒಂದು ಇಂಚು ಬಂದರೆ ವಾರ, ಹತ್ತು ದಿನದಲ್ಲಿ ತೋಟ ಬೆಳ್ಳಗಾಗುತ್ತದೆ. ಹೂ ಕಾಯಿ ಕಟ್ಟಲು ಬೇಕಾದ ಮುಂದಿನ ಬ್ಯಾಕಿಂಗ್ ಮಳೆ ಯಾವಾಗ ಎಂಬ ಲೆಕ್ಕವೂ ಅಲ್ಲಿಂದಲೇ ಶುರು. ಒಣಹವೆಯ ನಡುವೆ ಬಂದ ಆ ಒಂದು ಇಂಚಿಗೆ ಏಳು ದಿನದ ಸರಾಸರಿ ಹಾಕಿ ನೋಡಿ. ದಿನಕ್ಕೆ 14 ಸೆಂಟಿನಂತೆ ಏಳು ದಿನ ಜಿನುಗಿದ ಮಳೆ ಕಾಣುತ್ತದೆ. ಅಂಥ ಮಳೆಗೆ ಹೂ ಬಿಡುವುದಿಲ್ಲ, ಅರೆಬರೆ ನೆನೆದ ಮೊಗ್ಗಿಗೆ ಹಾನಿಯೇ ಹೆಚ್ಚು. ಚಾರ್ಟ್ ನೋಡಿದ ಬೆಳೆಗಾರರು ಈ ವರ್ಷ ಹೂಮಳೆ ಕೈಕೊಟ್ಟಿತು ಎಂದು ತೀರ್ಮಾನಿಸುತ್ತಾರೆ. ಹೂಮಳೆಗೆ ಸ್ಮೂತಿಂಗ್ ಬೇಡವೇ ಬೇಡ.

ಮುಂಗಾರು ಯಾವಾಗ ಬಲಗೊಂಡಿತು, ಯಾವಾಗ ಬಿಡುವು ಕೊಟ್ಟಿತು ಎಂದು ನೋಡಲು ಏಳರಿಂದ ಹದಿನೈದು ದಿನ ಸರಿ. ಹಲವು ದಶಕಗಳ ವಾರ್ಷಿಕ ಮೊತ್ತಕ್ಕೆ ಹತ್ತು ವರ್ಷದ ವಿಂಡೋ ಹಿಡಿಯಬಹುದು. ದರದ ಅಂಕಿಗೆ ರಜಾದಿನಗಳಿರುವುದರಿಂದ ವಿಂಡೋವನ್ನು ಸಾಲುಗಳ ಲೆಕ್ಕದಲ್ಲಿ ಕೊಡದೆ ದಿನಗಳ ಲೆಕ್ಕದಲ್ಲಿ ಕೊಡಿ. ಏಳು ಸಾಲು ಎಂದರೆ ಕೆಲವೊಮ್ಮೆ ಹತ್ತು ದಿನವೂ ಆಗುತ್ತದೆ.

ಸ್ಮೂತ್ ಮಾಡಿದ ಮೇಲೆ ಭಾರಿ ಮಳೆಯ ದಿನವೇ ಕಾಣೆಯಾಯಿತು. ಇದು ಸರಿಯಾ?

ಲೆಕ್ಕ ಸರಿ, ಚಾರ್ಟ್ ತಪ್ಪು. ಏಳು ದಿನದ ಮಳೆ ಮಿ.ಮೀ.ನಲ್ಲಿ ಹೀಗಿದೆ ಎಂದುಕೊಳ್ಳಿ: 12, 30, 45, 210, 160, 38, 20. ಮೊತ್ತ 515, ಸರಾಸರಿ 73.6. ಹವಾಮಾನ ಇಲಾಖೆಯ ವರ್ಗೀಕರಣದಲ್ಲಿ 24 ಗಂಟೆಯಲ್ಲಿ 64.5ರಿಂದ 115.5 ಮಿ.ಮೀ. ಭಾರಿ ಮಳೆ, 115.6ರಿಂದ 204.4 ಅತಿ ಭಾರಿ, 204.5 ಮತ್ತು ಅದಕ್ಕಿಂತ ಹೆಚ್ಚಾದರೆ ಅತ್ಯಂತ ಭಾರಿ. ನಾಲ್ಕನೆಯ ದಿನದ್ದು ಅತ್ಯಂತ ಭಾರಿ ಮಳೆ. ಸರಾಸರಿಯ ಗೆರೆಯಲ್ಲಿ ಅದು ಎರಡು ಮೆಟ್ಟಿಲು ಇಳಿದು ಬರೀ ಭಾರಿ ಮಳೆಯಾಯಿತು. ಮಧ್ಯಾಂಕ ತೆಗೆದರೆ 38, ಅಂದರೆ ಭಾರಿ ಮಳೆಯೂ ಅಲ್ಲ.

ಬೇರೆ ಜಿಲ್ಲೆಯಲ್ಲಿ ಇದು ಅಂಕಿಗಳ ಚರ್ಚೆಯಾಗಿ ಉಳಿಯಬಹುದು. ಇಲ್ಲಿ ಉಳಿಯುವುದಿಲ್ಲ. 2018ರ ಆಗಸ್ಟ್ ಮಧ್ಯದಲ್ಲಿ ಮಡಿಕೇರಿ, ಸೋಮವಾರಪೇಟೆ ಕಡೆ ಬೆಟ್ಟಗಳು ಜರಿದವು. 2019ರ ಆಗಸ್ಟ್‌ನಲ್ಲಿ ವಿರಾಜಪೇಟೆ ಕಡೆಯ ತೋರದಲ್ಲಿ, 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಬ್ರಹ್ಮಗಿರಿಯಲ್ಲಿ ಗುಡ್ಡ ಕುಸಿಯಿತು. ಮಣ್ಣು ಮೊದಲೇ ನೆನೆದು ಭಾರವಾಗಿರುವಾಗ ಕೆಲವೇ ದಿನಗಳಲ್ಲಿ ಸುರಿಯುವ ಮಳೆ ಇಳಿಜಾರನ್ನು ಸಡಿಲಿಸುತ್ತದೆ. ಆ ಕೆಲವು ದಿನಗಳನ್ನು ಮೃದುವಾಗಿ ಬಾಗಿಸಿ ತೋರಿಸುವ ಗೆರೆ ಹೇಳಬೇಕಾದದ್ದನ್ನು ಬಿಟ್ಟು ಉಳಿದದ್ದನ್ನೆಲ್ಲ ಹೇಳುತ್ತದೆ.

ಭೂಕುಸಿತದ ದೃಷ್ಟಿಯಿಂದ ನೋಡುವವರು ಸರಾಸರಿಯ ಬದಲು ಚಲಿಸುವ ಮೊತ್ತ ಹಾಕಿ. ರೋಲಿಂಗ್ ಆದ ಮೇಲೆ ಮೀನ್ ಎಂಬಲ್ಲಿ ಸಮ್ ಎಂದರೆ ಮುಗಿಯಿತು. ಮೇಲಿನ ಉದಾಹರಣೆಯಲ್ಲಿ ಮೂರು ದಿನದ ಗರಿಷ್ಠ ಮೊತ್ತ 45, 210, 160 ಸೇರಿ 415 ಮಿ.ಮೀ. ಇದಕ್ಕೆ ನೆಲದ ಮೇಲೆ ನೇರ ಅರ್ಥವಿದೆ. ಒಂದು ಚದರ ಮೀಟರ್ ಜಾಗಕ್ಕೆ ಮೂರು ದಿನದಲ್ಲಿ 415 ಲೀಟರ್ ನೀರು ಬಿದ್ದಿದೆ. ಹಿಂದೆ ದಿನದ ಮಳೆಯ ಕಂಬಗಳು, ಮೇಲೆ ಮೂರು ದಿನದ ಮೊತ್ತದ ಗೆರೆ, 64.5, 115.6 ಮತ್ತು 204.5ರಲ್ಲಿ ಕಂಬಗಳಿಗೆ ತೆಳುವಾದ ಅಡ್ಡಗೆರೆಗಳು. ಕೊಡಗಿನ ಮಳೆಗಾಲಕ್ಕೆ ಇದಕ್ಕಿಂತ ಉಪಯುಕ್ತ ಚಾರ್ಟ್ ನನಗೆ ಗೊತ್ತಿಲ್ಲ.

ವಿಪರೀತ ದೊಡ್ಡ ಅಂಕಿಯನ್ನು ಔಟ್‌ಲಯರ್ ಎಂದು ತೆಗೆಯಬಹುದಾ?

ಮೂರು ಮಾನಕ ವಿಚಲನೆ ದಾಟಿದ್ದನ್ನೆಲ್ಲ ತೆಗೆಯುವ ಕೋಡ್ ಅಂತರ್ಜಾಲದಲ್ಲಿ ಧಾರಾಳವಾಗಿ ಸಿಗುತ್ತದೆ. ನಮ್ಮ ಮಳೆಗೆ ಅದನ್ನು ಓಡಿಸಿದರೆ ಮೊದಲು ಹೋಗುವುದು ಆಗಸ್ಟ್‌ನ ನಿಜವಾದ ಭಾರಿ ಮಳೆಯೇ. ತೆಗೆಯುವ ಮುನ್ನ ಪಕ್ಕದ ತೋಟದ ಪುಸ್ತಕ, ಹತ್ತಿರದ ಗ್ರಾಮ ಪಂಚಾಯಿತಿಯ ಯಂತ್ರ, ಹೊಳೆಯ ಮಟ್ಟ ಈ ಮೂರರಲ್ಲಿ ಒಂದನ್ನಾದರೂ ನೋಡಿ. ಎರಡು ದಿನ ಸೊನ್ನೆ ತೋರಿಸಿ ಮೂರನೆಯ ದಿನ ದೊಡ್ಡ ಅಂಕಿ ಬಂದರೆ ಫನಲ್‌ಗೆ ಎಲೆ ಕಟ್ಟಿಕೊಂಡು ಆಮೇಲೆ ಬಿಟ್ಟಿರಬಹುದು. ಬುಟ್ಟಿ ಮಗುಚಿ ಎಣಿಸುವ ಯಂತ್ರಗಳು ಜೋರು ಮಳೆಯಲ್ಲಿ ಕಡಿಮೆ ಎಣಿಸುವುದೇ ಹೆಚ್ಚು. ಅಂಥ ಯಂತ್ರ ತೋರಿಸಿದ ದೊಡ್ಡ ಅಂಕಿಯನ್ನು ಬೇಗ ಅನುಮಾನಿಸಬೇಡಿ.

ಸ್ಮೂತ್ ಗೆರೆ ಮಳೆಗಿಂತ ತಡವಾಗಿ ಏರುತ್ತಿದೆ, ಯಾಕೆ?

ಪಾಂಡಾಸ್‌ನ ರೋಲಿಂಗ್ ತಾನಾಗಿ ಹಿಂದಿನ ದಿನಗಳನ್ನಷ್ಟೇ ಸೇರಿಸುತ್ತದೆ. ಏಳು ದಿನದ ವಿಂಡೋ ಆದರೆ ಗೆರೆ ಮೂರು ದಿನ ಹಿಂದೆ ಬೀಳುತ್ತದೆ. ಮುಗಿದುಹೋದ ಮಳೆಗಾಲವನ್ನು ನೋಡುವಾಗ ಸೆಂಟರ್ ಆಯ್ಕೆಯನ್ನು ಟ್ರೂ ಮಾಡಿ, ತುತ್ತತುದಿ ತನ್ನ ಜಾಗಕ್ಕೆ ಬರುತ್ತದೆ. ದಿನದಿನವೂ ಅಪ್‌ಡೇಟ್ ಆಗುವ ಚಾರ್ಟ್‌ನಲ್ಲಿ ನಾಳೆಯ ಮಳೆ ಇನ್ನೂ ಗೊತ್ತಿಲ್ಲವಾದ್ದರಿಂದ ಹಿಂದಿನ ದಿನಗಳೇ ಗತಿ. ಆಗ ಈಚಿನ ದಿನಗಳಿಗೆ ಹೆಚ್ಚು ತೂಕ ಕೊಡುವ ಈಡಬ್ಲ್ಯುಎಂ ವಾಸಿ. ಸ್ಪ್ಯಾನ್ 7 ಎಂದು ಕೊಟ್ಟು ಅಡ್ಜಸ್ಟ್ ಅನ್ನು ಫಾಲ್ಸ್ ಮಾಡಿದರೆ ಇಂದಿನ ಅಂಕಿಗೆ ಕಾಲು ಭಾಗ ತೂಕ, ನಿನ್ನೆಯವರೆಗಿನ ಗೆರೆಗೆ ಮುಕ್ಕಾಲು ಭಾಗ.

ಸವಿಟ್ಸ್ಕಿ-ಗೋಲೆ, ಲೋವೆಸ್ ಎಂಬ ಸ್ಮೂತಿಂಗ್ ವಿಧಾನಗಳನ್ನು ಬಳಸಬಹುದಾ?

1964ರಲ್ಲಿ ಅಬ್ರಹಾಂ ಸವಿಟ್ಸ್ಕಿ ಮತ್ತು ಮಾರ್ಸೆಲ್ ಗೋಲೆ ರಸಾಯನಶಾಸ್ತ್ರದ ಅಳತೆಗಳಿಗಾಗಿ ಮುಂದಿಟ್ಟ ವಿಧಾನ ಸವಿಟ್ಸ್ಕಿ-ಗೋಲೆ. ಪ್ರತಿ ವಿಂಡೋಗೂ ಒಂದು ಬಹುಪದ ಹೊಂದಿಸುವುದರಿಂದ ಶಿಖರದ ಎತ್ತರ ಸರಾಸರಿಯಲ್ಲಿ ಕುಸಿದಷ್ಟು ಕುಸಿಯುವುದಿಲ್ಲ. ಉಷ್ಣಾಂಶ, ಜಲಾಶಯದ ಮಟ್ಟ ಇವಕ್ಕೆ ಚೆನ್ನಾಗಿ ಒಪ್ಪುತ್ತದೆ. ದಿನದ ಮಳೆಗೆ ಬೇಡ. ಮಳೆಯಿಲ್ಲದ ದಿನಗಳ ನಡುವೆ ಒಂದೇ ದಿನ 70 ಮಿ.ಮೀ. ಬಂದಿದೆ ಎನ್ನಿ. ಐದು ದಿನದ ವಿಂಡೋ, ಎರಡನೇ ಘಾತ ಕೊಟ್ಟರೆ ಸಿಗುವುದು -6, 24, 34, 24, -6. ಋಣ ಆರು ಮಿ.ಮೀ. ಮಳೆ ಎಂಬುದು ಲೋಕದಲ್ಲಿಲ್ಲ.

ವಿಲಿಯಂ ಕ್ಲೀವ್‌ಲ್ಯಾಂಡ್ 1979ರಲ್ಲಿ ಪ್ರಕಟಿಸಿದ ಲೋವೆಸ್, ದೂರದ ಅಂಕಿಗಳ ಪ್ರಭಾವ ತಗ್ಗಿಸುತ್ತಾ ಹೋಗುತ್ತದೆ. ಹಲವು ವರ್ಷಗಳ ವಾರ್ಷಿಕ ಮಳೆಯ ಒಲವು ನೋಡಲು ನಾನು ಇದನ್ನೇ ಆರಿಸುತ್ತೇನೆ. ಗೆರೆಯ ಎರಡೂ ತುದಿಗಳನ್ನು ಮಾತ್ರ ನೆಚ್ಚಬೇಡಿ, ಅಲ್ಲಿ ಒಂದೇ ಪಕ್ಕದ ನೆರೆಹೊರೆ ಇರುತ್ತದೆ.

ಸ್ಮೂತ್ ಮಾಡಿದ ಗೆರೆಯಲ್ಲಿ ಕೆಲವು ವರ್ಷಕ್ಕೊಮ್ಮೆ ಅಲೆ ಕಾಣುತ್ತಿದೆ. ಇದು ಮಳೆಯ ಚಕ್ರವಾ?

ಇರಬಹುದು, ಆದರೆ ಚಾರ್ಟ್ ಅದನ್ನು ಸಾಬೀತು ಮಾಡುವುದಿಲ್ಲ. ರಷ್ಯಾದ ಯೂಜೆನ್ ಸ್ಲಟ್ಸ್ಕಿ 1927ರಲ್ಲೇ ತೋರಿಸಿದ ಸಂಗತಿಯಿದು. ಲಾಟರಿಯ ಅಂಕಿಗಳಂತೆ ಒಂದಕ್ಕೊಂದು ಸಂಬಂಧವಿಲ್ಲದ ಸಂಖ್ಯೆಗಳಿಗೆ ಚಲಿಸುವ ಮೊತ್ತ ಹಾಕಿದರೂ ಏಳುಬೀಳಿನ ಅಲೆಗಳು ಹುಟ್ಟಿಕೊಳ್ಳುತ್ತವೆ. ಪರೀಕ್ಷೆ ಸುಲಭ. ನಿಮ್ಮ ವರ್ಷಗಳ ಅಂಕಿಯನ್ನು ಇಸ್ಪೀಟು ಕಲಸಿದಂತೆ ಕಲಸಿ, ಅದೇ ಸರಾಸರಿ ಹಾಕಿ, ಹತ್ತಾರು ಸಲ ಚಾರ್ಟ್ ಬರೆಸಿ. ಅದೇ ಥರದ ಅಲೆ ಅಲ್ಲೂ ಬಂದರೆ ಅದು ಮಳೆಯದಲ್ಲ, ವಿಂಡೋದ್ದು.

ಮೊದಲು ಸ್ಕೇಲಿಂಗಾ, ಸ್ಮೂತಿಂಗಾ?

ಮಿತಿಗಳು ಸ್ಥಿರವಾಗಿದ್ದರೆ ಯಾವುದು ಮೊದಲಾದರೂ ಒಂದೇ. ಅಂಕಿಗಳಿಂದಲೇ ಗರಿಷ್ಠ, ಕನಿಷ್ಠ ಹೆಕ್ಕುವುದಾದರೆ ಫಲಿತಾಂಶ ಬದಲಾಗುತ್ತದೆ, ಸ್ಮೂತ್ ಆದ ಮೇಲೆ ಗರಿಷ್ಠವೇ ಬೇರೆ. ಲಾಗ್ ಇದ್ದರೆ ಇನ್ನೂ ಎಚ್ಚರ: ಲಾಗ್‌ಗಳ ಸರಾಸರಿಯನ್ನು ಹಿಂದಿರುಗಿಸಿದರೆ ಸಿಗುವುದು ಗುಣೋತ್ತರ ಸರಾಸರಿ, ಅದು ಮಾಮೂಲಿ ಸರಾಸರಿಗಿಂತ ಕಡಿಮೆ. ಮಳೆಯ ಮೊತ್ತ ಮುಖ್ಯವಾದಲ್ಲಿ ಮೊದಲು ಸ್ಮೂತಿಂಗ್, ಆಮೇಲೆ ಲಾಗ್.

ಗಾಳಿಯ ದಿಕ್ಕಿಗೂ ಸರಾಸರಿ ಹಾಕಬಹುದಾ?

ನೇರವಾಗಿ ಬೇಡ. 350 ಡಿಗ್ರಿ ಮತ್ತು 10 ಡಿಗ್ರಿ ಎರಡೂ ಉತ್ತರದ ಆಸುಪಾಸು, ಸರಾಸರಿ 180 ಎಂದರೆ ದಕ್ಷಿಣ. ಸೈನ್, ಕೊಸೈನ್‌ಗಳ ಸರಾಸರಿ ತೆಗೆದು ಅದರಿಂದ ಕೋನ ಹುಡುಕಿ.

ಲಕ್ಷಗಟ್ಟಲೆ ಬಿಂದುಗಳಿವೆ, ಚಾರ್ಟ್ ನಿಧಾನವಾಗುತ್ತಿದೆ. ಹತ್ತಕ್ಕೊಂದು ಬಿಂದು ಬಿಡಬಹುದಾ?

ಬಿಟ್ಟರೆ ಶಿಖರಗಳೂ ಹೋಗುತ್ತವೆ. ಪ್ರತಿ ಗಂಟೆ ಅಥವಾ ದಿನದ ಕನಿಷ್ಠ, ಗರಿಷ್ಠ ಎರಡನ್ನೂ ಉಳಿಸಿ. ಮಳೆಯಾದರೆ ಮೊತ್ತಕ್ಕೆ ಇಳಿಸಿ.

ಚಾರ್ಟ್‌ನಲ್ಲಿ ಕನ್ನಡ ಅಕ್ಷರ ಒಡೆದು ಕಾಣುತ್ತದಲ್ಲ?

ನೋಟೋ ಸ್ಯಾನ್ಸ್ ಕನ್ನಡದಂಥ ಫಾಂಟ್ ಹಾಕಿದರೆ ಚೌಕಗಳು ಹೋಗುತ್ತವೆ. ಆದರೂ ಜನ ಬಳಸುತ್ತಿರುವ ಹೆಚ್ಚಿನ ಮ್ಯಾಟ್‌ಪ್ಲಾಟ್‌ಲಿಬ್ ಆವೃತ್ತಿಗಳು ಒತ್ತಕ್ಷರವನ್ನು ಸರಿಯಾಗಿ ಕೂಡಿಸುವುದಿಲ್ಲ. ಬ್ರೌಸರ್‌ನಲ್ಲಿ ತೆರೆಯುವ ಪ್ಲಾಟ್ಲಿಯಂಥ ಲೈಬ್ರರಿಯಲ್ಲಿ ಅಕ್ಷರ ಜೋಡಿಸುವ ಕೆಲಸ ಬ್ರೌಸರಿನದೇ ಆದ್ದರಿಂದ ಕನ್ನಡ ಸರಿಯಾಗಿ ಬರುತ್ತದೆ. ಊರವರಿಗಾಗಿ ಮಾಡುವ ಚಾರ್ಟ್ ಕನ್ನಡದಲ್ಲೇ ಇರಲಿ, ಅದಕ್ಕಾಗಿ ಲೈಬ್ರರಿ ಬದಲಿಸಬೇಕಾದರೂ ಬದಲಿಸಿ.

ಚಾರ್ಟ್‌ನ ಕೆಳಗೆ ಏನೇನು ಬರೆಯಬೇಕು?

ಅಳತೆ ಯಾವುದು, ದಿನ ಎಷ್ಟು ಗಂಟೆಗೆ ಶುರು, ಎಷ್ಟು ದಿನದ ಅಂಕಿ ಇಲ್ಲ, ಸ್ಮೂತ್ ಮಾಡಿದ್ದರೆ ಎಷ್ಟು ದಿನದ್ದು ಮತ್ತು ಹಿಂದಿನ ದಿನಗಳದ್ದೋ ನಡುವಿನದ್ದೋ, ಸೂಚ್ಯಂಕವಾದರೆ ಯಾವುದು 100. ಮಾಪಕ ತೋಟದ ಯಾವ ಕಡೆ ಇದೆ ಎಂಬುದನ್ನೂ ಸೇರಿಸಿ. ಒಂದೇ ತೋಟದಲ್ಲಿ ಬೆಟ್ಟದ ಮೇಲಿನ ಮಳೆ, ಗದ್ದೆ ಬದಿಯ ಮಳೆ ಬೇರೆ ಬೇರೆ ಇರುತ್ತದೆ. ಮೂಲ ಅಂಕಿಗಳ ಫೈಲನ್ನೂ ಚಾರ್ಟ್ ಜೊತೆಗೇ ಕೊಡಿ. ಬೇರೆ ಪ್ರಶ್ನೆ ಇಟ್ಟುಕೊಂಡು ಬರುವವರಿಗೆ ಬೇರೆ ವಿಂಡೋ ಬೇಕಾಗುತ್ತದೆ.